ನಿಮ್ಮ ಐಪಿ ವಿಳಾಸ ಯಾವುದು? ಹುಡುಕುವುದು, ಓದುವುದು, ತೊಂದರೆ ಬಂದಾಗ ಬಳಸುವುದು

"ಲ್ಯಾಪ್‌ಟಾಪ್‌ನಲ್ಲಿ ನೋಡಿದರೆ ಐಪಿ ವಿಳಾಸ 192.168.1.20 ಅಂತಿದೆ. ಬ್ರೌಸರ್‌ನಲ್ಲಿ ಹುಡುಕಿದರೆ ಬೇರೆಯೇ ನಂಬರ್ ಬರುತ್ತೆ. ಎರಡರಲ್ಲಿ ನಿಜವಾದದ್ದು ಯಾವುದು?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಇದರ ಬೆನ್ನಿಗೇ ಇನ್ನೆರಡು ಬರುತ್ತವೆ. ನಿನ್ನೆ ಇದ್ದ ವಿಳಾಸ ಇವತ್ತು ಯಾಕೆ ಬದಲಾಯಿತು? ಪ್ರಿಂಟರ್ ಪಕ್ಕದಲ್ಲೇ ಇದ್ದರೂ ಕಂಪ್ಯೂಟರ್‌ಗೆ ಯಾಕೆ ಸಿಗುತ್ತಿಲ್ಲ?

ಮೂರು ಪ್ರಶ್ನೆಗಳ ಬೇರೂ ಒಂದೇ. ಐಪಿ ವಿಳಾಸ ಕಂಪ್ಯೂಟರ್‌ನ ಮೈಮೇಲೆ ಬರೆದ ನಂಬರ್ ಅಲ್ಲ. ಆ ಕಂಪ್ಯೂಟರ್ ಒಂದು ನೆಟ್‌ವರ್ಕ್‌ಗೆ ಸೇರಿಕೊಂಡಾಗ ಆ ಸಂಪರ್ಕಕ್ಕೆ ಸಿಗುವ ನಂಬರ್. ವೈಫೈಗೆ ಒಂದು, ಕೇಬಲ್‌ಗೆ ಇನ್ನೊಂದು. ಮನೆಯಲ್ಲಿ ಒಂದು, ಆಫೀಸಿನಲ್ಲಿ ಬೇರೊಂದು. ಇಷ್ಟು ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದಿನದೆಲ್ಲ ಸಲೀಸು.

ಶುರು ಮಾಡುವ ಮುಂಚೆ

ಬೇಕಾಗಿರುವುದು ಇಷ್ಟೇ: ನೆಟ್‌ವರ್ಕ್‌ಗೆ ಸೇರಿರುವ ಒಂದು ಕಂಪ್ಯೂಟರ್ ಅಥವಾ ಫೋನ್, ನಿಮ್ಮ ರೂಟರ್‌ಗೆ ಲಾಗಿನ್ ಆಗುವ ಪಾಸ್‌ವರ್ಡ್, ಬರೆದುಕೊಳ್ಳಲು ಒಂದು ಹಾಳೆ. ರೂಟರ್ ಅಂದರೆ ನಿಮ್ಮ ನೆಟ್‌ವರ್ಕನ್ನು ಹೊರಗಿನ ಇಂಟರ್ನೆಟ್‌ಗೆ ಜೋಡಿಸುವ ಪೆಟ್ಟಿಗೆ. ಅದರ ಪಾಸ್‌ವರ್ಡ್ ವೈಫೈ ಪಾಸ್‌ವರ್ಡ್‌ಗಿಂತ ಬೇರೆ ಇರುತ್ತದೆ. ಸಾಮಾನ್ಯವಾಗಿ ಪೆಟ್ಟಿಗೆಯ ಕೆಳಗಿನ ಸ್ಟಿಕರ್‌ನಲ್ಲಿ ಬರೆದಿರುತ್ತಾರೆ.

ಇನ್ನೊಂದು ಮಾತು. ಇಲ್ಲಿ ಕಮಾಂಡ್‌ಗಳನ್ನು ಕನ್ನಡ ಅಕ್ಷರಗಳಲ್ಲಿ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಸಣ್ಣ ಇಂಗ್ಲಿಷ್ ಅಕ್ಷರಗಳನ್ನೇ ಬಳಸಿ.

ಹಂತ 1: ಸಾಧನದ ವಿಳಾಸ ಹುಡುಕಿ

ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ವಿಂಡೋಸ್ ಕೀ ಜೊತೆ 'ಆರ್' ಒತ್ತಿ, 'ಸಿಎಂಡಿ' ಅಂತ ಟೈಪ್ ಮಾಡಿ ಎಂಟರ್ ಕೊಟ್ಟರೆ ಕಪ್ಪು ಕಿಟಕಿ ತೆರೆಯುತ್ತದೆ. ಅಲ್ಲಿ 'ಐಪಿಕಾನ್ಫಿಗ್' (ipconfig) ಅಂತ ಜಾಗ ಬಿಡದೆ ಬರೆದು ಎಂಟರ್ ಒತ್ತಿ. ಬರುವ ಸಾಲುಗಳಲ್ಲಿ ಮೂರನ್ನು ಹಾಳೆಯಲ್ಲಿ ಬರೆದುಕೊಳ್ಳಿ: ಐಪಿವಿ4 ಅಡ್ರೆಸ್, ಸಬ್‌ನೆಟ್ ಮಾಸ್ಕ್, ಡಿಫಾಲ್ಟ್ ಗೇಟ್‌ವೇ.

ಮ್ಯಾಕ್ ಕಂಪ್ಯೂಟರ್ ಆದರೆ ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್‌ಗೆ ಹೋಗಿ. ಸೇರಿರುವ ವೈಫೈನ ಡೀಟೇಲ್ಸ್ ಒತ್ತಿ, ಟಿಸಿಪಿ/ಐಪಿ ಅನ್ನುವ ಭಾಗ ನೋಡಿ. ಲಿನಕ್ಸ್‌ನಲ್ಲಿ ಟರ್ಮಿನಲ್ ತೆರೆದು 'ಐಪಿ ಎ' (ip a) ಕೊಟ್ಟರೆ ವಿಳಾಸ ಬರುತ್ತದೆ, 'ಐಪಿ ರೂಟ್' (ip route) ಕೊಟ್ಟರೆ ಗೇಟ್‌ವೇ. ಫೋನ್‌ನಲ್ಲಿ ಸೆಟ್ಟಿಂಗ್ಸ್, ವೈಫೈಗೆ ಹೋಗಿ, ಸೇರಿರುವ ನೆಟ್‌ವರ್ಕ್ ಹೆಸರಿನ ಪಕ್ಕದ ಚಿಹ್ನೆ ಒತ್ತಿ. ಅಲ್ಲೇ ಇರುತ್ತದೆ.

ಎಡವುವ ಜಾಗ: ಒಂದಲ್ಲ, ನಾಲ್ಕೈದು ವಿಳಾಸ ಕಾಣಿಸಿದರೆ ಗಾಬರಿ ಬೇಡ. ವರ್ಚುಯಲ್ ಬಾಕ್ಸ್, ಡಾಕರ್, ವಿಪಿಎನ್ (ನಿಮ್ಮ ಸಂಪರ್ಕವನ್ನು ಬೇರೊಂದು ಸರ್ವರ್ ಮೂಲಕ ಹಾಯಿಸುವಂಥದ್ದು) ತರಹದ ಸಾಫ್ಟ್‌ವೇರ್‌ಗಳು ಕಂಪ್ಯೂಟರ್ ಒಳಗೇ ತಮ್ಮದೊಂದು ನೆಟ್‌ವರ್ಕ್ ಕಟ್ಟಿಕೊಳ್ಳುತ್ತವೆ. 192.168.56 ಇಂದ ಶುರುವಾಗುವುದು ಸಾಮಾನ್ಯವಾಗಿ ವರ್ಚುಯಲ್ ಬಾಕ್ಸ್‌ನದ್ದು, 172.17 ಇಂದ ಶುರುವಾಗುವುದು ಡಾಕರ್‌ನದ್ದು. ನಿಮಗೆ ಬೇಕಾದ್ದನ್ನು ಗುರುತಿಸುವ ಸುಲಭದ ದಾರಿ ಒಂದಿದೆ: ಯಾವ ವಿಳಾಸದ ಕೆಳಗೆ ಡಿಫಾಲ್ಟ್ ಗೇಟ್‌ವೇ ತುಂಬಿದೆಯೋ ಅದನ್ನೇ ತೆಗೆದುಕೊಳ್ಳಿ. ವಿಪಿಎನ್ ಇದ್ದರೆ ಈ ಕೆಲಸ ಮುಗಿಯುವ ತನಕ ಆಫ್ ಮಾಡಿಡಿ.

ಹಂತ 2: ಬರೆದುಕೊಂಡ ನಂಬರ್ ಓದಿ

ಐಪಿವಿ4 ವಿಳಾಸದಲ್ಲಿ ನಾಲ್ಕು ಭಾಗ, ನಡುವೆ ಚುಕ್ಕಿ. ಪ್ರತಿ ಭಾಗವೂ 0 ಇಂದ 255ರ ಒಳಗೆ. ಕಾರಣ, ಒಂದೊಂದು ಭಾಗಕ್ಕೂ 8 ಬಿಟ್ ಜಾಗ. ಬಿಟ್ ಅಂದರೆ 0 ಅಥವಾ 1 ಹಿಡಿಸುವ ಒಂದು ಮನೆ. ಅಂಥ 8 ಮನೆಗಳಲ್ಲಿ 256 ಬೇರೆ ಬೇರೆ ಸಂಖ್ಯೆ ಹಿಡಿಸುತ್ತವೆ. ಒಟ್ಟು 32 ಬಿಟ್, ಅಂದರೆ ಸುಮಾರು 429 ಕೋಟಿ ವಿಳಾಸ. 1981ರಲ್ಲಿ ಈ ನಿಯಮ ಬರೆದು ಪ್ರಕಟಿಸಿದಾಗ ಅದು ಬಳಸಿ ಮುಗಿಯದಷ್ಟು ದೊಡ್ಡ ಸಂಖ್ಯೆ. ಜೇಬಿಗೊಂದು ಕಂಪ್ಯೂಟರ್ ಬರುವ ಕಾಲ ಇನ್ನೂ ದೂರವಿತ್ತು.

ಈಗ ನಿಮ್ಮ ವಿಳಾಸ ಯಾವ ಗುಂಪಿನದು ನೋಡಿ.

192.168 ಇಂದ ಶುರುವಾಗಿದ್ದರೆ, 10 ಇಂದ ಶುರುವಾಗಿದ್ದರೆ, ಅಥವಾ 172.16 ಇಂದ 172.31ರ ನಡುವೆ ಇದ್ದರೆ ಅದು ಖಾಸಗಿ ವಿಳಾಸ. ಈ ಮೂರು ಗುಂಪುಗಳನ್ನು ಒಳಗಿನ ಬಳಕೆಗೆಂದೇ ಮೀಸಲಿಟ್ಟಿದ್ದಾರೆ. ಯಾರು ಬೇಕಾದರೂ, ಯಾರನ್ನೂ ಕೇಳದೆ, ತಮ್ಮ ನೆಟ್‌ವರ್ಕ್ ಒಳಗೆ ಬಳಸಬಹುದು. ಹಾಗಾಗಿ ಲೋಕದಲ್ಲಿ 192.168.1.20 ಅನ್ನುವ ಸಾಧನ ಒಂದಲ್ಲ, ಲೆಕ್ಕವಿಲ್ಲದಷ್ಟಿವೆ. ಒಂದಕ್ಕೊಂದು ಡಿಕ್ಕಿ ಹೊಡೆಯದಿರುವುದಕ್ಕೆ ಕಾರಣ, ಈ ವಿಳಾಸಗಳು ಆಯಾ ರೂಟರ್ ದಾಟಿ ಹೊರಗೆ ಹೋಗುವುದಿಲ್ಲ.

169.254 ಇಂದ ಶುರುವಾಗಿದ್ದರೆ ಏನೋ ಸರಿಯಿಲ್ಲ ಅಂತ ಅರ್ಥ. ವಿಳಾಸ ಕೊಡಬೇಕಾದವರು ಯಾರೂ ಉತ್ತರಿಸಲಿಲ್ಲ, ಅದಕ್ಕೇ ಸಾಧನ ತಾನೇ ಒಂದನ್ನು ಹಾಕಿಕೊಂಡಿದೆ. ಹೀಗಾದಾಗ ಬ್ರೌಸರ್ ಸೆಟ್ಟಿಂಗ್ ಕೆದಕಬೇಡಿ, ಉಪಯೋಗವಿಲ್ಲ. ಕೇಬಲ್, ವೈಫೈ ಪಾಸ್‌ವರ್ಡ್, ರೂಟರ್ ಈ ಮೂರನ್ನು ನೋಡಿ.

127.0.0.1 ಕಂಡರೆ ಅದು ಸಾಧನ ತನ್ನನ್ನು ತಾನೇ ಕರೆದುಕೊಳ್ಳುವ ವಿಳಾಸ. ಕೇಬಲ್ ಕಿತ್ತಿಟ್ಟರೂ ಅದು ಕೆಲಸ ಮಾಡುತ್ತದೆ. ಬೇರೆಯವರಿಗೆ ಅದನ್ನು ಕೊಟ್ಟರೆ ಅವರು ತಮ್ಮ ಕಂಪ್ಯೂಟರನ್ನೇ ಕರೆದುಕೊಂಡಂತಾಗುತ್ತದೆ.

ಎಡವುವ ಜಾಗ: ವಿಳಾಸ ಅಂದವಾಗಿ ಕಾಣಲಿ ಅಂತ ಮುಂದೆ ಸೊನ್ನೆ ಸೇರಿಸಬೇಡಿ. 10 ಅನ್ನು 010 ಅಂತ ಬರೆದರೆ ಕೆಲವು ಸಾಫ್ಟ್‌ವೇರ್‌ಗಳು ಅದನ್ನು ಎಂಟರ ಮೇಲೆ ನಿಂತ ಹಳೆಯ ಎಣಿಕೆ ಪದ್ಧತಿಯಲ್ಲಿ ಓದಿ 8 ಅಂದುಕೊಳ್ಳುತ್ತವೆ. ಆಗ ನೀವು ಕರೆಯುವುದು ಬೇರೆ ಯಾವುದೋ ಸಾಧನವನ್ನು.

ಹಂತ 3: ಒಳಗಿನವರು ಯಾರು, ಹೊರಗಿನವರು ಯಾರು

ಪ್ರಿಂಟರ್ ಸಿಗದಿರುವ ಪ್ರಶ್ನೆಗೆ ಉತ್ತರ ಇಲ್ಲಿದೆ. ಹಾಗಾಗಿ ಈ ಹಂತವನ್ನು ನಿಧಾನವಾಗಿ ಓದಿ.

ಪ್ರತಿ ವಿಳಾಸದಲ್ಲೂ ಎರಡು ಸಂಗತಿ ಸೇರಿಕೊಂಡಿವೆ. ಮೊದಲ ತುಂಡು ಯಾವ ನೆಟ್‌ವರ್ಕ್ ಅಂತ ಹೇಳುತ್ತದೆ. ಉಳಿದ ತುಂಡು ಆ ನೆಟ್‌ವರ್ಕ್‌ನಲ್ಲಿ ಯಾವ ಸಾಧನ ಅಂತ ಹೇಳುತ್ತದೆ. ಎಲ್ಲಿಗೆ ಕತ್ತರಿಸಬೇಕು ಅನ್ನುವುದನ್ನು ತೋರಿಸುವುದು ಸಬ್‌ನೆಟ್ ಮಾಸ್ಕ್. ಮಾಸ್ಕ್‌ನಲ್ಲಿ 255 ಇರುವ ಭಾಗ ನೆಟ್‌ವರ್ಕ್‌ನದ್ದು, 0 ಇರುವ ಭಾಗ ಸಾಧನದ್ದು.

ನಿಮ್ಮ ಹಾಳೆಯಲ್ಲಿ ವಿಳಾಸ 192.168.1.20, ಮಾಸ್ಕ್ 255.255.255.0 ಅಂತಿದೆ ಅನ್ನಿ. ಆಗ ನೆಟ್‌ವರ್ಕ್ 192.168.1, ಸಾಧನ 20. ಪ್ರಿಂಟರ್ 192.168.1.77 ಆಗಿದ್ದರೆ ಮೊದಲ ಮೂರು ಭಾಗ ಒಂದೇ, ಇಬ್ಬರೂ ಒಂದೇ ನೆಟ್‌ವರ್ಕ್‌ನವರು. ಪ್ರಿಂಟರ್ 192.168.2.77 ಆಗಿದ್ದರೆ ಅದು ಮೇಜಿನ ಮೇಲೇ ಕೂತಿದ್ದರೂ ನೆಟ್‌ವರ್ಕ್ ಲೆಕ್ಕದಲ್ಲಿ ಹೊರಗಿನದು. ಇದೇ ಮಾಸ್ಕನ್ನು ಕೆಲವು ಕಡೆ /24 ಅಂತಲೂ ಬರೆಯುತ್ತಾರೆ. ಮೊದಲ 24 ಬಿಟ್ ನೆಟ್‌ವರ್ಕ್‌ಗೆ ಅಂತ ಅದರ ಅರ್ಥ. ಇಂಥ ನೆಟ್‌ವರ್ಕ್‌ನಲ್ಲಿ 254 ಸಾಧನಗಳಿಗೆ ಜಾಗವಿದೆ. ಕೊನೆಯ ಭಾಗ 0 ಆದರೆ ಅದು ನೆಟ್‌ವರ್ಕ್‌ನ ಹೆಸರು, 255 ಆದರೆ ಎಲ್ಲರಿಗೂ ಒಟ್ಟಿಗೆ ಕಳಿಸುವ ವಿಳಾಸ. ಆ ಎರಡನ್ನು ಸಾಧನಕ್ಕೆ ಕೊಡುವ ಹಾಗಿಲ್ಲ. ದೊಡ್ಡ ಕಚೇರಿಗಳಲ್ಲಿ 255.255.252.0 ತರಹದ ಮಾಸ್ಕ್ ಕಾಣಬಹುದು. ಅಲ್ಲಿ ಕತ್ತರಿ ಮೂರನೇ ಭಾಗದ ನಡುವೆ ಬೀಳುತ್ತದೆ, ಹೀಗೆ ಕಣ್ಣಳತೆಯಲ್ಲಿ ಹೇಳಲು ಆಗುವುದಿಲ್ಲ.

ಕಂಪ್ಯೂಟರ್ ಏನನ್ನಾದರೂ ಕಳಿಸುವ ಮುಂಚೆ ಪ್ರತಿ ಸಲವೂ ಇದೇ ಲೆಕ್ಕ ಹಾಕುತ್ತದೆ. ವಿಳಾಸ ಒಳಗಿನದಾದರೆ ನೇರ ಕಳಿಸುತ್ತದೆ. ಹೇಗೆ ಅಂದರೆ, "192.168.1.77 ಯಾರು?" ಅಂತ ನೆಟ್‌ವರ್ಕ್‌ನ ಎಲ್ಲರನ್ನೂ ಕೇಳುತ್ತದೆ. ಆ ಸಾಧನ ತನ್ನ ಮ್ಯಾಕ್ ವಿಳಾಸ ಹೇಳಿ ಉತ್ತರಿಸುತ್ತದೆ. ಮ್ಯಾಕ್ ವಿಳಾಸ ಅಂದರೆ ನೆಟ್‌ವರ್ಕ್ ಕಾರ್ಡ್ ತಯಾರಿಸುವಾಗಲೇ ಅದಕ್ಕೆ ಹಾಕುವ 48 ಬಿಟ್‌ಗಳ ಗುರುತು, ಮ್ಯಾಕ್ ಕಂಪ್ಯೂಟರ್‌ಗೂ ಇದಕ್ಕೂ ಸಂಬಂಧವಿಲ್ಲ. ಇದು ಆ ಕಾರ್ಡ್ ಜೊತೆ ಇರುತ್ತದೆ, ಐಪಿ ವಿಳಾಸ ಜಾಗದ ಜೊತೆ ಇರುತ್ತದೆ. ಮ್ಯಾಕ್ ವಿಳಾಸ ರೂಟರ್ ದಾಟಿ ಮುಂದೆ ಹೋಗುವುದಿಲ್ಲ, ಆದ್ದರಿಂದ ನೀವು ನೋಡುವ ವೆಬ್‌ಸೈಟ್‌ಗೆ ಅದು ಕಾಣುವುದಿಲ್ಲ.

ವಿಳಾಸ ಹೊರಗಿನದಾದರೆ ಕಂಪ್ಯೂಟರ್ ಅದನ್ನು ಗೇಟ್‌ವೇಗೆ ಒಪ್ಪಿಸುತ್ತದೆ. ಗೇಟ್‌ವೇ ಅಂದರೆ ಹೊರಗೆ ಹೋಗುವ ಬಾಗಿಲು. ಹೆಚ್ಚಿನ ಕಡೆ ಅದು ನಿಮ್ಮ ರೂಟರ್‌ನ ಒಳಗಿನ ವಿಳಾಸವೇ. ಆ ವಿಳಾಸವನ್ನು ಬ್ರೌಸರ್‌ನಲ್ಲಿ ಟೈಪ್ ಮಾಡಿದರೆ ರೂಟರ್‌ನ ಲಾಗಿನ್ ಪುಟ ಬರುತ್ತದೆ. ಮುಂದಿನ ಹಂತಗಳಿಗೆ ಅದು ಬೇಕು, ಈಗಲೇ ತೆರೆದಿಡಿ.

ಎಡವುವ ಜಾಗ: ಸಿಗ್ನಲ್ ಸಾಲದು ಅಂತ ಎರಡನೇ ರೂಟರ್ ತಂದು ಮೊದಲನೆಯದಕ್ಕೆ ಜೋಡಿಸುವವರು ಬಹಳ ಜನ. ಆ ಎರಡನೆಯದು ಸುಮ್ನೆ ಸಿಗ್ನಲ್ ಹರಡುವುದಿಲ್ಲ, ತನ್ನ ಒಳಗೆ ಬೇರೆಯದೇ ನೆಟ್‌ವರ್ಕ್ ಕಟ್ಟುತ್ತದೆ. ಪ್ರಿಂಟರ್ ಎರಡನೆಯದಕ್ಕೆ, ಲ್ಯಾಪ್‌ಟಾಪ್ ಮೊದಲನೆಯದಕ್ಕೆ ಸೇರಿದ್ದರೆ ಲ್ಯಾಪ್‌ಟಾಪ್‌ಗೆ ಪ್ರಿಂಟರ್ ಸಿಗುವುದೇ ಇಲ್ಲ. ಎರಡು ರೂಟರ್‌ಗಳೂ 192.168.1 ಅನ್ನೇ ಹಂಚುತ್ತಿದ್ದರಂತೂ ಗೊಂದಲ ಇನ್ನೂ ಜಾಸ್ತಿ. ಎರಡನೇ ರೂಟರ್‌ನ ಸೆಟ್ಟಿಂಗ್‌ನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಅಂತ ಇರುತ್ತದೆ. ಅದನ್ನು ಆನ್ ಮಾಡಿದರೆ ಎಲ್ಲವೂ ಒಂದೇ ನೆಟ್‌ವರ್ಕ್‌ಗೆ ಬರುತ್ತವೆ. ಗೆಸ್ಟ್ ವೈಫೈಗೆ ಸೇರಿದ ಸಾಧನಗಳೂ ಹೀಗೆಯೇ ಬೇರೆಯಾಗಿ ಉಳಿಯುತ್ತವೆ. ಅದು ಬೇಕಂತಲೇ ಮಾಡಿರುವ ವ್ಯವಸ್ಥೆ.

ಹಂತ 4: ಹೊರಗಿನವರಿಗೆ ಕಾಣುವ ವಿಳಾಸ ಪತ್ತೆ ಮಾಡಿ

ಬ್ರೌಸರ್‌ನಲ್ಲಿ 'ವಾಟ್ ಈಸ್ ಮೈ ಐಪಿ' ಅಂತ ಹುಡುಕಿ. ಬರುವ ನಂಬರನ್ನು ಬರೆದುಕೊಳ್ಳಿ. ಉದಾಹರಣೆಗೆ 203.0.113.25 ಅಂತ ಇಟ್ಟುಕೊಳ್ಳೋಣ. ಇದು ಸಾರ್ವಜನಿಕ ವಿಳಾಸ, ಅಂದರೆ ಇಡೀ ಇಂಟರ್ನೆಟ್‌ನಲ್ಲಿ ಬೇರೆ ಯಾರಿಗೂ ಇಲ್ಲದ ನಂಬರ್. ಎರಡು ಕಡೆ ಇದೇ ಬಾರದಂತೆ ನೋಡಿಕೊಳ್ಳುವ ಏರ್ಪಾಡಿದೆ. ಐಎಎನ್‌ಎ ಅನ್ನುವ ಸಂಸ್ಥೆ ವಿಳಾಸಗಳ ದೊಡ್ಡ ಗುಂಪುಗಳನ್ನು ಲೋಕದ ಐದು ಪ್ರಾದೇಶಿಕ ನೋಂದಣಿ ಸಂಸ್ಥೆಗಳಿಗೆ ಕೊಡುತ್ತದೆ. ಏಷ್ಯಾ ಪೆಸಿಫಿಕ್‌ಗೆ ಎಪಿನಿಕ್, ಯುರೋಪಿನ ಕಡೆಗೆ ರೈಪ್ ಎನ್‌ಸಿಸಿ, ಹೀಗೆ. ಅವುಗಳಿಂದ ಇಂಟರ್ನೆಟ್ ಕಂಪನಿಗಳಿಗೆ, ಅಲ್ಲಿಂದ ನಿಮಗೆ.

ಹಾಗಾದರೆ ಮೊದಲ ಪ್ರಶ್ನೆಗೆ ಉತ್ತರ: ಎರಡೂ ನಿಜವಾದವೇ. 192.168.1.20 ನಿಮ್ಮ ಲ್ಯಾಪ್‌ಟಾಪ್ ಮತ್ತು ರೂಟರ್ ನಡುವಿನ ಸಂಪರ್ಕದ ವಿಳಾಸ. 203.0.113.25 ನಿಮ್ಮ ರೂಟರ್ ಮತ್ತು ಇಂಟರ್ನೆಟ್ ಕಂಪನಿ ನಡುವಿನದು. ಕಚೇರಿಗೆ ಒಂದೇ ಫೋನ್ ನಂಬರ್ ಇದ್ದು ಒಳಗೆ ಮೇಜಿಗೊಂದು ಎಕ್ಸ್‌ಟೆನ್ಷನ್ ಇರುತ್ತದಲ್ಲ, ಹೆಚ್ಚುಕಡಿಮೆ ಅದೇ ವ್ಯವಸ್ಥೆ.

ಒಳಗಿನದನ್ನು ಹೊರಗಿನದಕ್ಕೆ ಬದಲಿಸುವ ಕೆಲಸಕ್ಕೆ ನ್ಯಾಟ್ ಅಂತ ಹೆಸರು. ಅದು ನಡೆಯುವ ರೀತಿ ಹೀಗೆ. ಲ್ಯಾಪ್‌ಟಾಪ್ ಒಂದು ವೆಬ್‌ಸೈಟ್‌ಗೆ ಕೋರಿಕೆ ಕಳಿಸುವಾಗ ತನ್ನ ವಿಳಾಸದ ಜೊತೆ ಒಂದು ಪೋರ್ಟ್ ನಂಬರನ್ನೂ ಬರೆಯುತ್ತದೆ. ಪೋರ್ಟ್ ಅಂದರೆ ಒಂದೇ ಸಾಧನದ ಒಳಗೆ ಯಾವ ಪ್ರೋಗ್ರಾಂ ಅನ್ನುವುದನ್ನು ಹೇಳುವ ಸಂಖ್ಯೆ, 0 ಇಂದ 65535ರ ತನಕ. ಸುರಕ್ಷಿತ ವೆಬ್‌ಸೈಟ್‌ಗಳು 443ರಲ್ಲಿ ಕಾಯುತ್ತವೆ. ರೂಟರ್ ಆ ಕೋರಿಕೆಯಲ್ಲಿ ಲ್ಯಾಪ್‌ಟಾಪ್‌ನ ವಿಳಾಸ ಅಳಿಸಿ ತನ್ನ ಸಾರ್ವಜನಿಕ ವಿಳಾಸ ಹಾಕುತ್ತದೆ. ಪೋರ್ಟ್‌ಗೂ ತನ್ನದೊಂದು ನಂಬರ್ ಹಾಕಿ, ಯಾವ ನಂಬರ್ ಯಾರದ್ದು ಅಂತ ಪಟ್ಟಿಯಲ್ಲಿ ಗುರುತು ಮಾಡಿಕೊಳ್ಳುತ್ತದೆ. ಉತ್ತರ ಬಂದಾಗ ಪಟ್ಟಿ ನೋಡಿ ಸರಿಯಾದ ಸಾಧನಕ್ಕೆ ತಲುಪಿಸುತ್ತದೆ. ವೆಬ್‌ಸೈಟ್‌ಗೆ ಒಳಗೆ ಎಷ್ಟು ಸಾಧನ ಇವೆ ಅನ್ನುವುದೇ ಗೊತ್ತಾಗುವುದಿಲ್ಲ.

ಇದರಿಂದ ಒಂದು ಪರಿಣಾಮವಿದೆ. ಒಳಗಿನವರು ಮೊದಲು ಮಾತನಾಡಿದರೆ ಮಾತ್ರ ಪಟ್ಟಿಯಲ್ಲಿ ಗುರುತು ಬೀಳುತ್ತದೆ. ಹೊರಗಿನವರು ತಾವಾಗಿ ಬಂದರೆ ಯಾರಿಗೆ ಕೊಡಬೇಕು ಅಂತ ರೂಟರ್‌ಗೆ ತಿಳಿಯದು, ಅಲ್ಲೇ ಬಿಟ್ಟುಬಿಡುತ್ತದೆ. ಮನೆಯ ಕ್ಯಾಮೆರಾವನ್ನೋ ಗೇಮ್ ಸರ್ವರನ್ನೋ ಹೊರಗಿನಿಂದ ತಲುಪಬೇಕಾದರೆ ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಮಾಡಬೇಕು, ಅಂದರೆ "ಈ ಪೋರ್ಟ್‌ಗೆ ಬಂದದ್ದನ್ನು ಆ ಸಾಧನಕ್ಕೆ ಕೊಡು" ಅಂತ ಮೊದಲೇ ಬರೆದಿಡಬೇಕು. ಬೇಕಾದ ಪೋರ್ಟ್ ಮಾತ್ರ ತೆರೆಯಿರಿ. ಕ್ಯಾಮೆರಾದ ಮೂಲ ಪಾಸ್‌ವರ್ಡ್ ಬದಲಿಸದೆ ಪೋರ್ಟ್ ತೆರೆಯಲೇಬೇಡಿ. ತೆರೆದ ಪೋರ್ಟ್‌ಗಳನ್ನು ಹುಡುಕುತ್ತಾ ಇಡೀ ಇಂಟರ್ನೆಟ್ ಜಾಲಾಡುವ ಪ್ರೋಗ್ರಾಂಗಳು ಹಗಲೂ ರಾತ್ರಿ ಓಡುತ್ತಿರುತ್ತವೆ.

ಈಗ ಒಂದು ಪರೀಕ್ಷೆ ಮಾಡಿ. ರೂಟರ್‌ನ ಪುಟದಲ್ಲಿ ವ್ಯಾನ್ ಅಥವಾ ಇಂಟರ್ನೆಟ್ ಸ್ಟೇಟಸ್ ಅನ್ನುವಲ್ಲಿ ಇರುವ ವಿಳಾಸ ನೋಡಿ. ಬ್ರೌಸರ್ ತೋರಿಸಿದ ವಿಳಾಸವೂ ಇದೂ ಒಂದೇ ಆದರೆ ಸಾರ್ವಜನಿಕ ವಿಳಾಸ ನೇರ ನಿಮ್ಮ ರೂಟರ್‌ಗೇ ಬಂದಿದೆ. ಬೇರೆ ಬೇರೆ ಇದ್ದು, ರೂಟರ್‌ನಲ್ಲಿ 100.64 ಇಂದ 100.127ರ ನಡುವಿನ ನಂಬರ್ ಕಂಡರೆ, ಇಂಟರ್ನೆಟ್ ಕಂಪನಿಯೇ ಇನ್ನೊಂದು ಸುತ್ತು ನ್ಯಾಟ್ ಮಾಡುತ್ತಿದೆ. ಇದಕ್ಕೆ ಸಿಜಿನ್ಯಾಟ್ ಅನ್ನುತ್ತಾರೆ. ಒಂದೇ ಸಾರ್ವಜನಿಕ ವಿಳಾಸವನ್ನು ಬಹಳ ಗ್ರಾಹಕರು ಹಂಚಿಕೊಳ್ಳುತ್ತಿದ್ದೀರಿ ಅಂತ ಅರ್ಥ. ಆಗ ನೀವು ಎಷ್ಟೇ ಪೋರ್ಟ್ ಫಾರ್ವರ್ಡಿಂಗ್ ಮಾಡಿದರೂ ಪ್ರಯೋಜನವಿಲ್ಲ, ತಡೆ ಇರುವುದು ನಿಮ್ಮ ರೂಟರ್ ಆಚೆ. ಗಂಟೆಗಟ್ಟಲೆ ಸೆಟ್ಟಿಂಗ್ ತಿದ್ದುವ ಮುಂಚೆ ಈ ಪರೀಕ್ಷೆ ಮಾಡಿಬಿಡಿ. ಇದ್ದರೆ ದಾರಿಗಳು ಮೂರು: ಕಂಪನಿಯಿಂದ ಸಾರ್ವಜನಿಕ ವಿಳಾಸ ಕೇಳುವುದು, ಐಪಿವಿ6 ಅನ್ನುವ ಹೊಸ ಬಗೆಯ ವಿಳಾಸ (ಹಂತ 7 ನೋಡಿ) ಬಳಸುವುದು, ಅಥವಾ ಹೊರಗಿನ ಒಂದು ಸರ್ವರ್ ಮೂಲಕ ವಿಪಿಎನ್ ಹಾಕಿಕೊಳ್ಳುವುದು.

ಎಡವುವ ಜಾಗ: ವಿಳಾಸ ಹಾಕಿದರೆ ಊರು ತೋರಿಸುವ ವೆಬ್‌ಸೈಟ್‌ಗಳಿವೆ. ಅವು ಹೇಳುವುದು ಅಂದಾಜು. ಕಂಪನಿಯ ದೊಡ್ಡ ಕೇಂದ್ರ ಇರುವ ಊರನ್ನೇ ನಿಮ್ಮ ಊರು ಅಂದುಬಿಡಬಹುದು. ವಿಳಾಸ ನೋಡಿ ಯಾರೂ ನಿಮ್ಮ ಮನೆ ಬಾಗಿಲು ಕಂಡುಹಿಡಿಯಲಾಗದು. ಆದರೆ ಯಾವ ಹೊತ್ತಿನಲ್ಲಿ ಯಾವ ವಿಳಾಸ ಯಾವ ಗ್ರಾಹಕರ ಕೈಯಲ್ಲಿತ್ತು ಅನ್ನುವ ದಾಖಲೆ ಇಂಟರ್ನೆಟ್ ಕಂಪನಿ ಬಳಿ ಇರಬಹುದು. ಸ್ಕ್ರೀನ್‌ಶಾಟ್ ಹಂಚುವಾಗ ಸಾರ್ವಜನಿಕ ವಿಳಾಸ ಮುಚ್ಚಿಬಿಡಿ. 192.168ರದ್ದು ಕಂಡರೆ ಚಿಂತೆಯಿಲ್ಲ.

ಹಂತ 5: ಬದಲಾಗದ ವಿಳಾಸ ಬೇಕಾದರೆ

ನಿಮ್ಮ ಲ್ಯಾಪ್‌ಟಾಪ್‌ಗೆ ವಿಳಾಸ ಕೊಟ್ಟದ್ದು ರೂಟರ್ ಒಳಗಿನ ಡಿಎಚ್‌ಸಿಪಿ ವ್ಯವಸ್ಥೆ. ನೆಟ್‌ವರ್ಕ್‌ಗೆ ಬಂದ ಸಾಧನ "ನನಗೊಂದು ವಿಳಾಸ ಕೊಡಿ" ಅಂತ ಕೇಳುತ್ತದೆ. ರೂಟರ್ ಖಾಲಿ ಇರುವ ಒಂದನ್ನು ಮುಂದಿಡುತ್ತದೆ. ಸಾಧನ ಒಪ್ಪಿಕೊಳ್ಳುತ್ತದೆ, ರೂಟರ್ ಖಚಿತ ಮಾಡುತ್ತದೆ. ಅದು ಶಾಶ್ವತವಲ್ಲ, ಇಂತಿಷ್ಟು ಹೊತ್ತಿಗೆ ಅಂತ ಕೊಟ್ಟದ್ದು. ಇದಕ್ಕೆ ಲೀಸ್ ಅನ್ನುತ್ತಾರೆ. ಅರ್ಧ ಅವಧಿ ಕಳೆದಾಗ ಸಾಧನ ಅದನ್ನೇ ಮುಂದುವರಿಸಲು ಕೇಳುತ್ತದೆ. ಆದರೆ ಸಾಧನ ಆಫ್ ಆಗಿದ್ದಾಗ ಲೀಸ್ ಮುಗಿದರೆ ಆ ನಂಬರ್ ಇನ್ನೊಬ್ಬರಿಗೆ ಹೋಗಬಹುದು. ನಿನ್ನೆಯ ವಿಳಾಸ ಇವತ್ತು ಬದಲಾದದ್ದು ಹೀಗೆ. ರೂಟರ್‌ನ ಸಾರ್ವಜನಿಕ ವಿಳಾಸವೂ ಬಹುತೇಕ ಕಡೆ ಬದಲಾಗುತ್ತಲೇ ಇರುತ್ತದೆ.

ಲ್ಯಾಪ್‌ಟಾಪ್, ಫೋನ್‌ಗಳಿಗೆ ಬದಲಾದರೆ ಏನೂ ನಷ್ಟವಿಲ್ಲ, ಬಿಟ್ಟುಬಿಡಿ. ಪ್ರಿಂಟರ್, ಕ್ಯಾಮೆರಾ, ಫೈಲ್ ಸರ್ವರ್‌ಗಳಿಗೆ ಮಾತ್ರ ಸ್ಥಿರ ವಿಳಾಸ ಬೇಕು, ಯಾಕಂದರೆ ಬೇರೆ ಸಾಧನಗಳು ಅವನ್ನು ಹುಡುಕಿಕೊಂಡು ಬರುತ್ತವೆ. ಎರಡು ದಾರಿಗಳಿವೆ. ಸಾಧನದ ಒಳಗೇ ಕೈಯಾರೆ ವಿಳಾಸ ಬರೆಯುವುದು ಒಂದು. ರೂಟರ್‌ನಲ್ಲಿ "ಈ ಮ್ಯಾಕ್ ವಿಳಾಸ ಬಂದರೆ ಈ ಐಪಿಯನ್ನೇ ಕೊಡು" ಅಂತ ಕಾಯ್ದಿರಿಸುವುದು ಇನ್ನೊಂದು. ನಾನು ಹೇಳುವುದು ಎರಡನೆಯದನ್ನೇ. ಎಲ್ಲ ಲೆಕ್ಕ ಒಂದೇ ಕಡೆ ಇರುತ್ತದೆ, ರೂಟರ್ ಅದೇ ನಂಬರನ್ನು ಬೇರೆಯವರಿಗೆ ಕೊಡುವ ಅಪಾಯವೂ ಇಲ್ಲ. ರೂಟರ್ ಪುಟದಲ್ಲಿ ಡಿಎಚ್‌ಸಿಪಿ ಅಥವಾ ಲ್ಯಾನ್ ಸೆಟ್ಟಿಂಗ್ ಕೆಳಗೆ ರಿಸರ್ವೇಶನ್ ಅಥವಾ ಅಡ್ರೆಸ್ ಬೈಂಡಿಂಗ್ ಅಂತ ಹುಡುಕಿ. ಪಟ್ಟಿಯಿಂದ ಪ್ರಿಂಟರ್ ಆರಿಸಿ, ವಿಳಾಸ ಕೊಟ್ಟು, ಸೇವ್ ಮಾಡಿ. ಆಮೇಲೆ ಪ್ರಿಂಟರ್ ಆಫ್ ಮಾಡಿ ಆನ್ ಮಾಡಿ.

ಕೈಯಾರೆ ಬರೆಯಲೇಬೇಕಾದರೆ ರೂಟರ್ ಹಂಚುವ ಸಾಲಿನ ಹೊರಗಿನ ನಂಬರ್ ಆರಿಸಿ. ರೂಟರ್ 100 ಇಂದ 200ರ ತನಕ ಹಂಚುತ್ತಿದ್ದರೆ ನೀವು 50 ತೆಗೆದುಕೊಳ್ಳಿ. ಮಾಸ್ಕ್, ಗೇಟ್‌ವೇ ಎರಡನ್ನೂ ಹಂತ 1ರಲ್ಲಿ ಬರೆದುಕೊಂಡ ಹಾಗೇ ಹಾಕಿ.

ಎಡವುವ ಜಾಗ: ಎರಡು ಸಾಧನಕ್ಕೆ ಒಂದೇ ವಿಳಾಸ ಬಿದ್ದರೆ ಎರಡೂ ಒಮ್ಮೆ ಸಿಗುತ್ತವೆ, ಒಮ್ಮೆ ಸಿಗುವುದಿಲ್ಲ. ಬಿಟ್ಟು ಬಿಟ್ಟು ಬರುವ ತೊಂದರೆಯಾದ್ದರಿಂದ ಜನ ವೈಫೈಯನ್ನೇ ಬೈಯುತ್ತಾರೆ. ಮೊದಲು ಇದನ್ನು ಅನುಮಾನಿಸಿ. ಇನ್ನೊಂದು: ಆಂಡ್ರಾಯ್ಡ್ 10 ಮತ್ತು ಐಓಎಸ್ 14 ಇಂದ ಈಚೆಗೆ ಫೋನ್‌ಗಳು ಗುರುತು ಮರೆಸಲು ಪ್ರತಿ ವೈಫೈಗೂ ಬೇರೆ ಬೇರೆ ಮ್ಯಾಕ್ ವಿಳಾಸ ತೋರಿಸುತ್ತವೆ. ಫೋನ್‌ಗೆ ವಿಳಾಸ ಕಾಯ್ದಿರಿಸಿದ್ದು ಕೆಲಸ ಮಾಡದಿದ್ದರೆ ಆ ವೈಫೈಗೆ ಮಾತ್ರ ಪ್ರೈವೇಟ್ ಅಡ್ರೆಸ್ ಆಯ್ಕೆಯನ್ನು ಆಫ್ ಮಾಡಿ ನೋಡಿ.

ಹಂತ 6: ಹೆಸರಿನಿಂದ ವಿಳಾಸಕ್ಕೆ

ನೀವು ಬ್ರೌಸರ್‌ನಲ್ಲಿ ನಂಬರ್ ಟೈಪ್ ಮಾಡುವುದಿಲ್ಲ, ಹೆಸರು ಟೈಪ್ ಮಾಡುತ್ತೀರಿ ಅಲ್ವಾ? ಹೆಸರಿಗೆ ಸರಿಯಾದ ನಂಬರ್ ಹುಡುಕಿ ಕೊಡುವುದು ಡಿಎನ್‌ಎಸ್. ಇಂಟರ್ನೆಟ್‌ನ ಹಿಂದಿನ ರೂಪವಾದ ಅರ್ಪಾನೆಟ್‌ನಲ್ಲಿ ಎಲ್ಲ ಕಂಪ್ಯೂಟರ್‌ಗಳ ಹೆಸರು, ನಂಬರ್ ಒಂದೇ ಫೈಲ್‌ನಲ್ಲಿ ಇರುತ್ತಿದ್ದವು, ಎಲ್ಲರೂ ಅದನ್ನೇ ನಕಲು ಮಾಡಿಕೊಳ್ಳುತ್ತಿದ್ದರು. ಕಂಪ್ಯೂಟರ್‌ಗಳು ಜಾಸ್ತಿಯಾದಂತೆ ಅದು ನಡೆಯದಾಯಿತು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಡಿಎನ್‌ಎಸ್ ರೂಪಿಸಿದರು.

ನೀವೇ ನೋಡಬೇಕಾದರೆ 'ಎನ್‌ಎಸ್‌ಲುಕಪ್' (nslookup) ಅಂತ ಬರೆದು, ಜಾಗ ಬಿಟ್ಟು, ಯಾವುದಾದರೂ ವೆಬ್‌ಸೈಟ್ ಹೆಸರು ಕೊಡಿ. ಒಂದೇ ಹೆಸರಿಗೆ ಎರಡು ಮೂರು ವಿಳಾಸ ಬಂದರೆ ತಪ್ಪಲ್ಲ. ದೊಡ್ಡ ವೆಬ್‌ಸೈಟ್‌ಗಳ ಹಿಂದೆ ಬಹಳ ಕಂಪ್ಯೂಟರ್‌ಗಳಿರುತ್ತವೆ. ತಿರುಗಿ ಹೇಳಿದರೆ, ಒಂದೇ ವಿಳಾಸದಲ್ಲಿ ನೂರಾರು ಸಣ್ಣ ವೆಬ್‌ಸೈಟ್‌ಗಳೂ ಇರಬಹುದು. ಆದ್ದರಿಂದ ಆ ನಂಬರನ್ನೇ ಬ್ರೌಸರ್‌ನಲ್ಲಿ ಹಾಕಿದರೆ ಅದೇ ಪುಟ ಬರುತ್ತದೆ ಅಂತ ಹೇಳಲಾಗದು. ಗೂಗಲ್‌ನ ಡಿಎನ್‌ಎಸ್ ವಿಳಾಸ 8.8.8.8 ಅಂತೂ ಲೋಕದ ಹಲವು ಜಾಗಗಳಲ್ಲಿ ಒಟ್ಟಿಗೆ ಇದೆ. ನಿಮ್ಮ ಕೋರಿಕೆ ಅವುಗಳಲ್ಲಿ ಹತ್ತಿರದ ದಾರಿಯಲ್ಲಿ ಸಿಗುವುದಕ್ಕೆ ಹೋಗುತ್ತದೆ.

ಹಂತ 7: ಉದ್ದದ ವಿಳಾಸ ಕಂಡರೆ

ಹಂತ 1ರಲ್ಲಿ ಅಂಕಿ, ಅಕ್ಷರ, ಎರಡು ಚುಕ್ಕಿ ಸೇರಿದ ಉದ್ದದ ಸಾಲೊಂದನ್ನು ನೋಡಿರುತ್ತೀರಿ. ಅದು ಐಪಿವಿ6. 429 ಕೋಟಿ ಸಾಲುವುದಿಲ್ಲ ಅಂತ 1990ರ ದಶಕದಲ್ಲೇ ಗೊತ್ತಾಗಿ ರೂಪಿಸಿದ್ದು. 2011ರ ಫೆಬ್ರವರಿ 3ರಂದು ಐಎಎನ್‌ಎ ತನ್ನ ಬಳಿ ಉಳಿದಿದ್ದ ಕೊನೆಯ ಐದು ದೊಡ್ಡ ಗುಂಪುಗಳನ್ನು ಐದು ಪ್ರಾದೇಶಿಕ ಸಂಸ್ಥೆಗಳಿಗೆ ಒಂದೊಂದಾಗಿ ಕೊಟ್ಟು ಕೈ ಖಾಲಿ ಮಾಡಿಕೊಂಡಿತು. ಐಪಿವಿ6ರಲ್ಲಿ 128 ಬಿಟ್. ಒಟ್ಟು ವಿಳಾಸಗಳ ಸಂಖ್ಯೆ ಬರೆಯಲು 39 ಅಂಕಿ ಬೇಕು.

ಓದುವುದು ಕಷ್ಟವಲ್ಲ. ಎಂಟು ಗುಂಪು, ಗುಂಪಿಗೆ ನಾಲ್ಕು ಅಂಕಿ. 0 ಇಂದ 9 ಸಾಲದೆ 'ಎ' ಇಂದ 'ಎಫ್' ತನಕದ ಇಂಗ್ಲಿಷ್ ಅಕ್ಷರಗಳನ್ನೂ ಅಂಕಿಗಳಾಗಿ ಬಳಸುತ್ತಾರೆ. ಗೂಗಲ್ ಡಿಎನ್‌ಎಸ್‌ನ ಐಪಿವಿ6 ವಿಳಾಸ ನೋಡಿ: 2001:4860:4860:0000:0000:0000:0000:8888. ಬರೀ ಸೊನ್ನೆಗಳಿರುವ ಗುಂಪುಗಳ ಸಾಲನ್ನು ಒಂದೇ ಒಂದು ಕಡೆ :: ಅಂತ ಮೊಟಕು ಮಾಡಬಹುದು. ಆಗ ಅದು 2001:4860:4860::8888. ಎರಡು ಕಡೆ ಹಾಗೆ ಮಾಡಿದರೆ ಎಲ್ಲಿ ಎಷ್ಟು ಸೊನ್ನೆ ಅಂತ ತಿಳಿಯುವುದಿಲ್ಲ, ಹಾಗಾಗಿ ಒಂದೇ ಸಲ.

ಇಲ್ಲಿ ನ್ಯಾಟ್ ಸಾಮಾನ್ಯವಾಗಿ ಬೇಕಿಲ್ಲ, ಪ್ರತಿ ಸಾಧನಕ್ಕೂ ನೇರ ಸಾರ್ವಜನಿಕ ವಿಳಾಸ ಸಿಗುತ್ತದೆ. ಒಂದೇ ಸಂಪರ್ಕಕ್ಕೆ ಹಲವು ವಿಳಾಸ ಇರುವುದೂ ಮಾಮೂಲಿ. ಅವುಗಳಲ್ಲಿ ಕೆಲವು ತಾತ್ಕಾಲಿಕ, ನಿಮ್ಮ ಜಾಡು ಹಿಡಿಯುವುದು ಕಷ್ಟವಾಗಲಿ ಅಂತ ಸಾಧನವೇ ಆಗಾಗ ಬದಲಿಸುತ್ತದೆ. 'ಎಫ್‌ಇ80' ಇಂದ ಶುರುವಾಗುವುದು ಪಕ್ಕದ ಸಾಧನಗಳ ಜೊತೆ ಮಾತನಾಡಲು ಮಾತ್ರ. ಅದೊಂದೇ ಇದ್ದರೆ ನಿಮಗೆ ಐಪಿವಿ6 ಇಂಟರ್ನೆಟ್ ಬಂದಿಲ್ಲ.

ಎಡವುವ ಜಾಗ: ನ್ಯಾಟ್ ಇಲ್ಲದ ಮೇಲೆ ಹೊರಗಿನವರನ್ನು ತಡೆಯುವ ಕೆಲಸ ಪೂರ್ತಿಯಾಗಿ ಫೈರ್‌ವಾಲ್‌ನದ್ದು. ರೂಟರ್‌ನಲ್ಲಿ ಐಪಿವಿ6 ಫೈರ್‌ವಾಲ್ ಆನ್ ಇದೆಯೇ ಅಂತ ನೋಡಿ. ಯಾರೋ ಹೇಳಿದರು ಅಂತ ಐಪಿವಿ6ನ್ನೇ ಆಫ್ ಮಾಡಬೇಡಿ.

ಹಂತ 8: ಇಂಟರ್ನೆಟ್ ನಿಂತಾಗ ಹೀಗೆ ಹುಡುಕಿ

ಈಗ ನಿಮ್ಮ ಹಾಳೆ ಕೆಲಸಕ್ಕೆ ಬರುತ್ತದೆ. ಪಿಂಗ್ ಅನ್ನುವ ಕಮಾಂಡ್ ಒಂದು ವಿಳಾಸಕ್ಕೆ ಸಣ್ಣ ಸಂದೇಶ ಕಳಿಸಿ ಉತ್ತರಕ್ಕೆ ಕಾಯುತ್ತದೆ. ಒಳಗಿನಿಂದ ಹೊರಕ್ಕೆ ಒಂದೊಂದೇ ಹೆಜ್ಜೆ ಹೋಗಿ, ಉತ್ತರ ಎಲ್ಲಿ ನಿಲ್ಲುತ್ತದೆ ನೋಡಿ.

ಮೊದಲು 'ಪಿಂಗ್ 127.0.0.1'. ಇದು ಸೋತರೆ ಕಂಪ್ಯೂಟರ್‌ನ ನೆಟ್‌ವರ್ಕ್ ಸಾಫ್ಟ್‌ವೇರ್ ಕೆಟ್ಟಿದೆ. ಹೀಗಾಗುವುದು ಅಪರೂಪ.

ಎರಡನೆಯದು ನಿಮ್ಮ ಗೇಟ್‌ವೇ ವಿಳಾಸ, ಉದಾಹರಣೆಗೆ 'ಪಿಂಗ್ 192.168.1.1'. ಇಲ್ಲಿ ನಿಂತರೆ ತೊಂದರೆ ನಿಮ್ಮ ಮತ್ತು ರೂಟರ್ ನಡುವೆ. ವಿಳಾಸ 169.254 ಆಗಿದೆಯೇ ನೋಡಿ. ಆಗಿದ್ದರೆ ವಿಂಡೋಸ್‌ನಲ್ಲಿ 'ಐಪಿಕಾನ್ಫಿಗ್ /ರಿನ್ಯೂ' (ipconfig /renew) ಕೊಟ್ಟು ಹೊಸ ವಿಳಾಸ ಕೇಳಿ. ಫೋನ್‌ನಲ್ಲಿ ವೈಫೈ ಆಫ್ ಮಾಡಿ ಆನ್ ಮಾಡಿದರೆ ಅದೇ ಕೆಲಸ ಆಗುತ್ತದೆ.

ಮೂರನೆಯದು 'ಪಿಂಗ್ 8.8.8.8'. ಗೇಟ್‌ವೇ ಉತ್ತರಿಸಿ ಇದು ಉತ್ತರಿಸದಿದ್ದರೆ ತೊಂದರೆ ರೂಟರ್ ಆಚೆ. ರೂಟರ್ ಪುಟದಲ್ಲಿ ವ್ಯಾನ್ ವಿಳಾಸ 0.0.0.0 ಅಂತಲೋ ಖಾಲಿಯೋ ಇದ್ದರೆ ಕಂಪನಿಯಿಂದ ಸಂಪರ್ಕವೇ ಬಂದಿಲ್ಲ.

ನಾಲ್ಕನೆಯದು ಹೆಸರು ಕೊಟ್ಟು ಪಿಂಗ್ ಮಾಡುವುದು. 8.8.8.8 ಉತ್ತರಿಸಿ ಹೆಸರು ಸಿಗದಿದ್ದರೆ ಕೆಟ್ಟಿರುವುದು ಡಿಎನ್‌ಎಸ್ ಮಾತ್ರ. ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಡಿಎನ್‌ಎಸ್ ವಿಳಾಸವನ್ನು 8.8.8.8 ಅಥವಾ ಕ್ಲೌಡ್‌ಫ್ಲೇರ್‌ನ 1.1.1.1ಕ್ಕೆ ಬದಲಿಸಿ ನೋಡಿ.

ಎಡವುವ ಜಾಗ: ಪಿಂಗ್‌ಗೆ ಉತ್ತರ ಬಾರದ ಮಾತ್ರಕ್ಕೆ ಸಾಧನ ಸತ್ತಿದೆ ಅಂತಲ್ಲ. ಹಲವು ವಿಂಡೋಸ್ ಕಂಪ್ಯೂಟರ್‌ಗಳ ಫೈರ್‌ವಾಲ್ ಪಿಂಗ್‌ಗೆ ಉತ್ತರಿಸಲು ಬಿಡುವುದಿಲ್ಲ. ಪಕ್ಕದ ಕಂಪ್ಯೂಟರ್ ಪಿಂಗ್‌ಗೆ ಸುಮ್ಮನಿದ್ದರೂ ಅದರ ಫೈಲ್‌ಗಳು ತೆರೆಯಬಹುದು. ಕೆಲವು ಕಚೇರಿಗಳಲ್ಲಿ 8.8.8.8ಕ್ಕೆ ಹೋಗುವುದನ್ನೇ ತಡೆದಿರುತ್ತಾರೆ.

ಇಂಟರ್ನೆಟ್ ಕಂಪನಿಗೆ ಫೋನ್ ಮಾಡುವುದಾದರೆ ಬರೀ "ನೆಟ್ ಬರ್ತಿಲ್ಲ" ಅನ್ನುವ ಬದಲು ಗೇಟ್‌ವೇ ಸಿಗುತ್ತಿದೆಯೇ, 8.8.8.8 ಸಿಗುತ್ತಿದೆಯೇ, ರೂಟರ್‌ನ ವ್ಯಾನ್ ವಿಳಾಸ ಏನು ಅನ್ನುವ ಮೂರನ್ನೂ ಹೇಳಿ. ಯಾವ ಕಡೆಯಿಂದ ನೋಡಬೇಕು ಅನ್ನುವುದು ಅವರಿಗೆ ಮೊದಲ ಮಾತಿಗೇ ತಿಳಿಯುತ್ತದೆ.